ಚಿಮಣಿಗೆ ಅಲಾರಂ ಕಟ್ಟುವ ಮುನ್ನ

ಪ್ರಶ್ನೆ: ನಮ್ಮದು ಸೌದೆ ಒಲೆಯ ಬೆಣ್ಣೆ ದೋಸೆ ಹೋಟೆಲ್. ಹೋದ ಮಳೆಗಾಲದಲ್ಲಿ ಚಿಮಣಿಯೊಳಗೇ ಬೆಂಕಿ ಹತ್ತಿ ಗುಂಯ್ ಅಂತ ಸದ್ದು ಬಂತು. ಐ.ಟಿ.ಐ. ಓದುವ ಮಗ ಎಲ್‌ಎಂ35 ಸೆನ್ಸರ್ ತಂದಿದ್ದಾನೆ, ಬಿಸಿ ಹೆಚ್ಚಾದರೆ ಕೂಗುವ ಅಲಾರಂ ಮಾಡ್ತಾನಂತೆ. ಆಗುತ್ತಾ?
— ಹೋಟೆಲ್ ಮಾಲೀಕರು, ದಾವಣಗೆರೆ

ಉತ್ತರ: ಎಲ್‌ಎಂ35 ಆಗೋದಿಲ್ಲ. ಅದರ ಮಿತಿ 150 ಡಿಗ್ರಿ. ನಿಮ್ಮ ಒಲೆಯ ಹೊಗೆ ಅದನ್ನು ಬೆಳಗಿನ ತಿಂಡಿ ಹೊತ್ತಿಗೇ ದಾಟಿರುತ್ತೆ. ಸ್ಟೀಲ್ ಕವಚದ ಕೆ-ಟೈಪ್ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಚೂರು ವಿದ್ಯುತ್ ಕೊಡುವ ಎರಡು ಲೋಹದ ತಂತಿಗಳ ಜೋಡಿ) ತರಿಸಿ. ಅದು ಕೊಡೋದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಮಾತ್ರ, ಅಲಾರಂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋಗೆ ನೇರವಾಗಿ ಓದಲು ಬಾರದು. ನಡುವೆ ಅದನ್ನು ಅಂಕಿಯಾಗಿಸುವ ಮ್ಯಾಕ್ಸ್6675 ಚಿಪ್ ಇರಲಿ, 1024 ಡಿಗ್ರಿವರೆಗೆ ಓದುತ್ತೆ. ಹೊತ್ತಿದ ಚಿಮಣಿ ಅದನ್ನೂ ಮೀರಬಹುದು, ಆದರೆ ನಿಮ್ಮ ಅಲಾರಂ ಅಷ್ಟರೊಳಗೆ ಕೂಗಿ ಕೂಗಿ ಸುಸ್ತಾಗಿರಬೇಕು! ವೈರು ಕಿತ್ತುಹೋದರೆ ಈ ಚಿಪ್ಪೇ ತಿಳಿಸುತ್ತೆ. ಆಗಲೂ ಬಜರ್ ಕೂಗುವಂತೆ ಪ್ರೋಗ್ರಾಂ ಬರೆಯಲಿ. ಬಿಸಿ ಏರಿದಂತೆ ಅಂಕಿ ಇಳಿದರೆ ವೈರು ತಿರುಗುಮುರುಗಾಗಿದೆ ಎಂದರ್ಥ.

ನಿಮ್ಮ ಮಗ ಬಿಸಿಯನ್ನಷ್ಟೇ ನೋಡುತ್ತಿದ್ದಾನೆ. ನನ್ನನ್ನು ಕೇಳಿದರೆ ತಣ್ಣಗಿನ ಹೊಗೆಗೇ ಮೊದಲು ಹೆದರಬೇಕು. ಹಸಿ ಜಾಲಿ ಸೌದೆ ಹಾಕಿ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಲೆ ಹೊಗೆಯಾಡಲು ಬಿಟ್ಟಿರಿ ಅನ್ನಿ. ಹೊಗೆ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿನ ಟಾರು ಪೈಪಿನ ಗೋಡೆಗೆ ಅಂಟುತ್ತೆ. ಅದರ ಮೇಲೆ ಬೆಣ್ಣೆಯ ಜಿಡ್ಡು. ಮುಂದೊಂದು ದಿನ ಉರಿ ಜೋರಾದಾಗ ಹೊತ್ತಿಕೊಳ್ಳೋದು ಇದೇ. ಹಾಗಾಗಿ 120ರ ಕೆಳಗೆ ಅರ್ಧ ಗಂಟೆ ನಿಂತರೆ ಹಳದಿ ದೀಪ ಹತ್ತಲಿ. ಬಿಸಿ ಹೆಚ್ಚಾದಾಗ ಅಲಾರಂ ಜೊತೆ ಹತ್ತುವ ಕೆಂಪು ದೀಪಕ್ಕೆ ಒಂದೇ ಅಂಕಿ ನಂಬಬೇಡಿ: ಒಂದು ವಾರ ದಿನವಿಡೀ ಬರುವ ಬಿಸಿ ಬರೆದಿಡಿ, ಅದರಲ್ಲಿನ ಗರಿಷ್ಠಕ್ಕಿಂತ ತುಸು ಮೇಲೆ ಗೆರೆ ಎಳೆಯಿರಿ. ಒಂದೇ ನಿಮಿಷದಲ್ಲಿ ಬಿಸಿ ಸರ್ರನೆ ಏರಿದರೂ ಕೂಗಲಿ.

ಕರೆಂಟ್ ಹೋದಾಗ ಒಲೆ ಆರೋದಿಲ್ಲವಲ್ಲ, ಬ್ಯಾಟರಿ ಬೇಕೇಬೇಕು. ಸರ್ಕಿಟ್ ಇರುವ ಪೆಟ್ಟಿಗೆ ಒಲೆಯಿಂದ ದೂರವಿರಲಿ. ಎಕ್ಸಾಸ್ಟ್ ಫ್ಯಾನಿದ್ದರೆ ರಿಲೇ (ಸರ್ಕಿಟ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್) ಹಾಕಿ, ಅಲಾರಂ ಕೂಗಿದಾಗ ಫ್ಯಾನ್ ತಾನೇ ನಿಲ್ಲುವಂತೆ ಮಾಡಿ, ಗಾಳಿ ಸಿಕ್ಕಷ್ಟೂ ಉರಿ ಹೆಚ್ಚು. ಇಷ್ಟೆಲ್ಲ ಇದ್ದರೂ ಪೈಪಿನೊಳಗೆ 3 ಮಿಲಿಮೀಟರ್ ಮಸಿ ಕಂಡರೆ ಕೆರೆಸಲೇಬೇಕು, ಅದನ್ನು ಯಾವ ಸರ್ಕಿಟ್ಟೂ ಮಾಡಿಕೊಡೋದಿಲ್ಲ.

ಅಲಾರಂ ಕೂಗಿದರೆ ಒಲೆಗೆ ಗಾಳಿ ಬರುವ ದಾರಿ ಮುಚ್ಚಿ, ಗಿರಾಕಿಗಳನ್ನು ಹೊರಗೆ ಕಳಿಸಿ, 101ಕ್ಕೆ ಫೋನ್ ಮಾಡಿ. ಚಿಮಣಿಗೆ ನೀರು ಸುರಿಯಬೇಡಿ, ಕಾದ ಇಟ್ಟಿಗೆ ಸೀಳುತ್ತೆ. ಬಜರ್ ಮಾತ್ರ ಗಲ್ಲಾದ ಪಕ್ಕ ಇಡಿ. ಕಾವಲಿ ಸದ್ದಿನಲ್ಲಿ ಭಟ್ಟರಿಗೆ ಅದು ಕೇಳಿಸೋದಿಲ್ಲ.