ಕೆಮ್ಮಣ್ಣಿನ ಬಯಕೆ

"ನಮ್ಮ ಸೊಸೆಗೆ ಈಗ ಐದು ತಿಂಗಳು. ಗೋಡೆಯ ಕೆಮ್ಮಣ್ಣು ಕೆರೆದು ಕದ್ದು ತಿನ್ನುತ್ತಾಳೆ. ನಮ್ಮ ಸಂಡೂರಿನ ಮಣ್ಣಲ್ಲೇ ಕಬ್ಬಿಣ ಇದೆ, ತಿಂದರೆ ರಕ್ತಕ್ಕೆ ಒಳ್ಳೆಯದೇ ಅಲ್ವಾ? ಬಯಕೆ ಅಂತ ಬಿಟ್ಟುಬಿಡಲಾ?"
– ಹೆಸರು ಹಾಕಬೇಡಿ ಎಂದ ಓದುಗರು, ಸಂಡೂರು ತಾಲ್ಲೂಕು

ತಾಯಿ, ಬಿಡಬೇಡಿ. ಈ ವಾರವೇ ಆಕೆಯ ರಕ್ತ ಪರೀಕ್ಷೆ ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಮಣ್ಣಲ್ಲಿ ಕಬ್ಬಿಣ ಇರುವುದು ನಿಜ. ಆ ಕೆಂಪು ಬಣ್ಣವೇ ಅದರದ್ದು. ಆದರೆ ಅದು ಆಮ್ಲಜನಕದ ಜೊತೆ ಬಿಗಿಯಾಗಿ ಕೂಡಿಕೊಂಡ ಕಬ್ಬಿಣ, ತುಕ್ಕಿನ ಜಾತಿಯದು. ಹೊಟ್ಟೆಯಲ್ಲಿ ಕರಗುವುದು ತೀರಾ ಕಡಿಮೆ. ಕರಗದೆ ರಕ್ತಕ್ಕೆ ಸೇರುವುದಿಲ್ಲ. ಅಷ್ಟೇ ಆಗಿದ್ದರೆ ನಾನು ಇಷ್ಟು ಅವಸರ ಮಾಡುತ್ತಿರಲಿಲ್ಲ. ಜೇಡಿಮಣ್ಣು ಊಟದಲ್ಲಿರುವ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಹೊರಗೆ ಸಾಗಿಸಿಬಿಡುತ್ತದೆ. ಅದರ ಜೊತೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆ ಸೇರಬಹುದು.

ಇನ್ನು ಬಯಕೆಯ ಮಾತು. ಹುಣಸೆಹಣ್ಣು ಕೇಳಿದರೆ ಕೊಡಿ, ಮಂಡಕ್ಕಿ ಮಿರ್ಚಿ ಕೇಳಿದರೂ ಕೊಡಿ. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಬೇರೆ. ಕಬ್ಬಿಣದ ಕೊರತೆ ಇರುವವರಲ್ಲಿ ಇದು ಜಾಸ್ತಿ ಕಾಣುತ್ತದೆ. ಎಷ್ಟೋ ಜನರಿಗೆ ಕೊರತೆ ನೀಗಿದ ಮೇಲೆ ಆ ಆಸೆಯೂ ಹೋಗುತ್ತದೆ. ಬಸುರಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಇತ್ತು. ಕಾಲಡಿಯಲ್ಲಿ ಅಷ್ಟು ಅದಿರು ಇಟ್ಟುಕೊಂಡ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಇದರಿಂದ ಬಳಲುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ನಿಮ್ಮ ಅಡುಗೆಮನೆಯಲ್ಲೇ ಒಳ್ಳೆಯ ಕಬ್ಬಿಣ ಇದೆ. ಜೋಳಕ್ಕಿಂತ ಸಜ್ಜೆಯಲ್ಲಿ ಜಾಸ್ತಿ. ಕಾಳು, ಸೊಪ್ಪು, ಎಳ್ಳಿನಲ್ಲೂ ಇದೆ. ತೊಡಕು ಏನೆಂದರೆ, ಕಾಳುಕಡಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕಾಳನ್ನು ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮಡಕಿ ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಇನ್ನೂ ಚೆನ್ನ. ನಾವು ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುತ್ತೇವಲ್ಲ, ಅದೂ ಸುಮ್ನೆ ಬಂದ ರೂಢಿ ಅಲ್ಲ ಅನ್ನಿಸುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಧಾನ್ಯ, ಕಾಳುಗಳ ಜೊತೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರಿದರೆ ಕಬ್ಬಿಣ, ಸತು ಎರಡೂ ದೇಹಕ್ಕೆ ಸಿಗುವಂಥ ರೂಪದಲ್ಲಿ ಜಾಸ್ತಿ ಬಿಡುಗಡೆಯಾಗುತ್ತವೆ ಎಂದು ಅವರು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದರು. ಪುಂಡಿಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಅದರ ಹುಳಿಗೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಪಲ್ಯಕ್ಕೆ ಇಳಿಯುತ್ತದೆ.

ಊಟದ ಜೊತೆ ಚಹಾ ಮಾತ್ರ ಬೇಡ. ಮುಂಚೆ, ಆಮೇಲೆ ಒಂದು ತಾಸು ಬಿಟ್ಟು ಕುಡಿಯಲಿ.

ಬಸಿರಲ್ಲಿ ಊಟವೊಂದೇ ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕಬ್ಬಿಣದ ಮಾತ್ರೆಯನ್ನು ದಿನಾ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯೂ ಬೇಕು, ಆದರೆ ಬೇರೆ ಹೊತ್ತಿಗೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಲ ಕಪ್ಪಗಾಗುತ್ತದೆ ಅಂತ ಹೆದರಿ ಬಿಡುವವರಿದ್ದಾರೆ. ಅದು ಮಾತ್ರೆಯ ಬಣ್ಣ, ಹೆದರಬೇಕಿಲ್ಲ.

ಇನ್ನೊಂದು ಮಾತು, ತಾಯಿ. ಆಕೆಯನ್ನು ಬಯ್ಯಬೇಡಿ. ಬಯ್ದರೆ ಇನ್ನೂ ಮರೆಯಲ್ಲಿ ತಿನ್ನುತ್ತಾಳೆ, ನರ್ಸ್ ಕೇಳಿದರೂ ಬಾಯಿ ಬಿಡುವುದಿಲ್ಲ. ನೀವೇ ಜೊತೆಗೆ ಹೋಗಿ, ಮಣ್ಣು ತಿನ್ನುವ ವಿಷಯವನ್ನು ಆಕೆಯ ಬಾಯಿಂದಲೇ ಡಾಕ್ಟರಿಗೆ ಹೇಳಿಸಿ.