ಓದುಗರ ಪ್ರಶ್ನೆಗಳು: ಓರಗಿತ್ತಿಯ ಹೊಸ ಮನೆ, ಅಣ್ಣನ ಹತ್ತಿರ ಉಳಿದ ಪಾಲು

ಪ್ರಶ್ನೆ: ನನ್ನ ಓರಗಿತ್ತಿ ಹೋದ ತಿಂಗಳು ಹೊಸ ಮನೆ ಕಟ್ಟಿಸಿದರು. ಪ್ರಾರ್ಥನೆಗೆ ಸಭೆಯವರೆಲ್ಲ ಬಂದಿದ್ದರು. ನಾನೂ ಹಾಡಿದೆ, ಆಮೆನ್ ಅಂದೆ. ಆದರೆ ಕಣ್ಣೆಲ್ಲ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ. ಅವತ್ತಿನಿಂದ ನಮ್ಮ ಬಾಡಿಗೆ ಮನೆಗೆ ಕಾಲಿಟ್ಟರೆ ಸಾಕು, ಯಜಮಾನರ ಮೇಲೆ ಸಿಡುಕುತ್ತೇನೆ. ಬೈಬಲ್ ತೆರೆದರೂ ಮನಸ್ಸು ನಿಲ್ಲುವುದಿಲ್ಲ. ನಾನು ಯಾರದ್ದೂ ಕದ್ದಿಲ್ಲ, ಯಾರಿಗೂ ಕೆಟ್ಟದ್ದು ಮಾಡಿಲ್ಲ. ಬರೀ ಮನಸ್ಸಲ್ಲಿ ಆಸೆಪಟ್ಟರೂ ಪಾಪವಾ?
- ಒಬ್ಬ ಸಹೋದರಿ, ಗದಗ

ಉತ್ತರ: ಒಳ್ಳೆ ಅಡುಗೆಮನೆ ಬೇಕು ಅನ್ನಿಸುವುದು ಪಾಪ ಅಲ್ಲ ಸಹೋದರಿ. ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಬೇಯಿಸಿದವರಿಗೆ ಹಾಗೆ ಅನ್ನಿಸದಿದ್ದರೇ ಆಶ್ಚರ್ಯ. ಆದರೆ ಒಂದು ಕೇಳಲಾ? ನಾಳೆ ನಿಮಗೆ ಅಂಥದ್ದೇ ಮನೆ ಸಿಕ್ಕಿ, ಅಷ್ಟರಲ್ಲಿ ಓರಗಿತ್ತಿಯವರು ಅದಕ್ಕಿಂತ ದೊಡ್ಡದು ಕಟ್ಟಿಸಿದರೆ ನಿಮಗೆ ನೆಮ್ಮದಿ ಇರುತ್ತದಾ? ಇರಲ್ಲ ಅಂತಾದರೆ ನಿಮಗೆ ಬೇಕಿರುವುದು ಮನೆ ಅಲ್ಲ. ಅಲ್ಲಿಂದ ಮುಂದೆ ಅದು ಬೈಬಲಿನ ಹತ್ತು ಆಜ್ಞೆಗಳಲ್ಲಿ ಹತ್ತನೆಯದರ ವಿಷಯ.

ಕೊಲೆ, ಕಳವು, ಸುಳ್ಳು ಸಾಕ್ಷಿ ಇವೆಲ್ಲ ಒಂದಲ್ಲ ಒಂದು ದಿನ ಊರಿಗೆ ಗೊತ್ತಾಗುತ್ತವೆ. ಹತ್ತನೆಯದು ಹಾಗಲ್ಲ. ಮತ್ತೊಬ್ಬನ ಮನೆ, ಎತ್ತು, ಕತ್ತೆ ಯಾವುದನ್ನೂ ಆಶಿಸಬೇಡ ಅನ್ನುವ ಆಜ್ಞೆಯನ್ನು ಮುರಿದರೆ ಹಿಡಿಯುವುದಕ್ಕೆ ಯಾವ ಪೊಲೀಸಿನವರೂ ಬರುವುದಿಲ್ಲ. ಸಭೆಯಲ್ಲಿ ಕುಡಿತ ಬಿಟ್ಟವರು ಸಾಕ್ಷಿ ಹೇಳುತ್ತಾರೆ, ಜೂಜು ಬಿಟ್ಟವರು ಹೇಳುತ್ತಾರೆ. ಪಕ್ಕದವರ ಸೈಟು ನೋಡಿ ಮೂರು ವರ್ಷ ಒಳಗೊಳಗೇ ಬೆಂದೆ ಅಂತ ಯಾರಾದರೂ ಸಾಕ್ಷಿ ಹೇಳಿದ್ದನ್ನು ಕೇಳಿದ್ದೀರಾ? ಅಪೊಸ್ತಲನಾದ ಪೌಲನನ್ನೇ ನೋಡಿ. ಧರ್ಮಶಾಸ್ತ್ರದ ಮಟ್ಟಿಗೆ ನನ್ನಲ್ಲಿ ತಪ್ಪಿರಲಿಲ್ಲ ಅಂತ ಫಿಲಿಪ್ಪಿಯವರಿಗೆ ಬರೆದ ಮನುಷ್ಯ, ರೋಮಾಪುರದವರಿಗೆ ಬರೆಯುವಾಗ ತನ್ನೊಳಗಿನ ಪಾಪವನ್ನು ತೋರಿಸಿಕೊಟ್ಟದ್ದು ಯಾವ ಆಜ್ಞೆ ಅಂತ ಹೇಳುತ್ತಾನೆ. ಹತ್ತರಲ್ಲಿ ಇದೊಂದನ್ನೇ ಹೆಸರಿಸುತ್ತಾನೆ.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಅರಸನಾದ ಆಹಾಬ (1 ಅರಸು 21). ಇಡೀ ದೇಶ ಅವನದು. ಆದರೆ ಅರಮನೆಯ ಪಕ್ಕ ನಾಬೋತನದೊಂದು ದ್ರಾಕ್ಷಿ ತೋಟ ಇತ್ತು. ಅದು ಯಾತಕ್ಕೆ ಬೇಕಿತ್ತಂತೆ ಗೊತ್ತಾ? ಕಾಯಿಪಲ್ಯ ಬೆಳೆಯುವುದಕ್ಕೆ! ಬೇರೆ ತೋಟ ಕೊಡುತ್ತೇನೆ, ಇಲ್ಲ ದುಡ್ಡು ಕೊಡುತ್ತೇನೆ ಅಂದ. ನಾಬೋತ ಒಪ್ಪಲಿಲ್ಲ, ಪಿತ್ರಾರ್ಜಿತ ಕೊಡಲ್ಲ ಅಂದ. ಅರಸ ಮನೆಗೆ ಬಂದು ಹಾಸಿಗೆ ಮೇಲೆ ಬಿದ್ದುಕೊಂಡು, ಮುಖ ತಿರುಗಿಸಿ, ಊಟ ಬಿಟ್ಟ. ಅಷ್ಟು ದೊಡ್ಡ ಅರಮನೆಯಲ್ಲಿದ್ದ ಯಾವುದೂ ಅವನಿಗೆ ರುಚಿಸಲಿಲ್ಲ. ಇದು ಮೊದಲನೇ ಕೇಡು, ನಿಮಗೂ ಶುರುವಾಗಿದೆ.

ಎರಡನೇ ಕೇಡು ಜಾಸ್ತಿ ಭಯಾನಕ. ಆಹಾಬ ಯಾರನ್ನೂ ಕೊಲ್ಲು ಅಂತ ಹೇಳಲಿಲ್ಲ. ಸುಮ್ನೆ ಮುಖ ಊದಿಸಿಕೊಂಡು ಮಲಗಿದ, ಅಷ್ಟೇ. ಮಿಕ್ಕಿದ್ದನ್ನೆಲ್ಲ ಹೆಂಡತಿ ಈಜೆಬೆಲ್ ನೋಡಿಕೊಂಡಳು. ಅರಸನ ಹೆಸರಲ್ಲಿ ಪತ್ರ, ಇಬ್ಬರು ಸುಳ್ಳು ಸಾಕ್ಷಿಗಳು, ನಾಬೋತನಿಗೆ ಕಲ್ಲೆಸೆದು ಕೊಂದದ್ದು. ಆದರೆ ದೇವರು ಪ್ರವಾದಿ ಎಲೀಯನನ್ನು ಕಳಿಸಿದ್ದು ಆಹಾಬನ ಹತ್ತಿರ, ಕೊಂದವನು ನೀನೇ ಅಂತ ಹೇಳುವುದಕ್ಕೆ. ನಿಮ್ಮ ಯಜಮಾನರು ಈಗ ದಿನಾ ನಿಮ್ಮ ಸಿಡುಕು ನೋಡುತ್ತಿದ್ದಾರೆ ಅಲ್ವಾ? ಒಂದು ದಿನ ಅವರು ತಡೆಯಲಾರದೆ ಕೈಸಾಲ, ಬಡ್ಡಿ ಸಾಲ, ಫೈನಾನ್ಸ್ ಅಂತ ಹೋಗಿ ಕೊರಳಿಗೆ ಹಾಕಿಕೊಂಡು ಬಂದರೆ, ನಾನೇನೂ ಕೇಳಲಿಲ್ಲ ಅಂತ ನೀವು ಹೇಳಬಹುದು. ಹೇಳಿದರೆ ಅದು ನಿಜವೂ ಆಗಿರುತ್ತದೆ. ಆಹಾಬನೂ ಕೇಳಿರಲಿಲ್ಲ.

ಏನು ಮಾಡಬೇಕು? ಆಸಾಫ ಮಾಡಿದ್ದನ್ನು ಮಾಡಿ. ದೇವಾಲಯದ ಹಾಡುಗಾರ ಅವನು, ನಮ್ಮ ಕಾಲದಲ್ಲಾದರೆ ಆರಾಧನೆ ನಡೆಸುವವನು, ಅವನಿಗೇ ಈ ಕಾಯಿಲೆ ಬಂದಿತ್ತು. 73ನೇ ಕೀರ್ತನೆಯಲ್ಲಿ, ಸೊಕ್ಕಿನವರ ಸುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಇನ್ನೇನು ಕಾಲು ಜಾರುವುದರಲ್ಲಿತ್ತು ಅಂತ ದೇವರ ಮುಂದೆ ನೇರವಾಗಿ ಹೇಳುತ್ತಾನೆ. ನೀವೂ ಗ್ರಾನೈಟ್ ಕಟ್ಟೆಯ ಹೆಸರು ಹಿಡಿದೇ ಹೇಳಿ. "ಕರ್ತನೇ, ನನ್ನ ಬಲಹೀನತೆ ಕ್ಷಮಿಸು" ಅಂತ ಮೇಲುಮೇಲಿನ ಪ್ರಾರ್ಥನೆ ಬೇಡ. ಆಮೇಲೆ ಯಜಮಾನರ ಹತ್ತಿರ ಕ್ಷಮೆ ಕೇಳಿ. ಓರಗಿತ್ತಿ ಮನೆಗೆ ಹೋಗುವುದನ್ನು ಬಿಡಬೇಡಿ, ಹೋದಾಗ ಹಾಲ್‌ನಲ್ಲಿ ಕೂರದೆ ಆ ಅಡುಗೆಮನೆಯಲ್ಲೇ ಅವರ ಜೊತೆ ನಿಂತು ಈರುಳ್ಳಿ ಹೆಚ್ಚಿ. ಮನೆ ಸಾಲದ ಕಂತು ಎಷ್ಟು ಭಾರ ಅಂತ ಅವರೂ ಹೇಳಿಕೊಳ್ಳಬಹುದು. ಆಗ ಒಳಗೊಳಗೇ ಖುಷಿಪಟ್ಟೀರಿ, ಹುಷಾರು! ಕಾಯಿಲೆ ಆಗಲೂ ಅದೇ.

ಪ್ರಶ್ನೆ: ಅಪ್ಪ ತೀರಿಕೊಂಡು ಆರು ವರ್ಷ. ವಿಲ್ ಬರೆದಿರಲಿಲ್ಲ. ಅಡಿಕೆ ತೋಟ, ಮನೆ ಎಲ್ಲ ಅಣ್ಣನ ಕೈಯಲ್ಲಿದೆ. ಅಣ್ಣತಮ್ಮಂದಿರು ಇಬ್ಬರೇ, ಅರ್ಧ ಪಾಲು ಕೊಡು ಅಂದರೆ, ನಿನಗೆ ದುರಾಸೆ, ನೀನೆಂಥ ವಿಶ್ವಾಸಿ ಅನ್ನುತ್ತಾನೆ. ಅಮ್ಮ ಅಣ್ಣನ ಜೊತೆ ಇದ್ದಾರೆ. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದಾರೆ. ಕೋರ್ಟಿಗೆ ಹೋಗುವುದು ತಪ್ಪಾ?
- ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪಾಲು ಕೇಳುವುದು ದುರಾಸೆ ಅಲ್ಲ. ಹಿಡಿದಿಟ್ಟುಕೊಂಡವರು ಕೇಳುವವರಿಗೆ ದುರಾಸೆ ಅನ್ನುವುದು ಹಳೇ ಆಟ. ಆದರೆ ನಿಮ್ಮ ಲೆಕ್ಕದಲ್ಲಿ ಅರ್ಧ ಎಲ್ಲಿಂದ ಬಂತು? ನಮ್ಮ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ವಿಲ್ ಇಲ್ಲದೆ ಅಪ್ಪ ತೀರಿಕೊಂಡರೆ ಅಮ್ಮನಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಗಂಡು, ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಸಮ. ನೀವು ನಾಲ್ಕು ಜನ. ಹಾಗಾಗಿ ನಿಮ್ಮದು ಆರರಲ್ಲಿ ಒಂದು. ಮದುವೆಯಾಗಿ ಹೋದ ಅಕ್ಕಂದಿರದ್ದೂ ತಲಾ ಅಷ್ಟೇ. ಅಣ್ಣ ನಿಮ್ಮ ಪಾಲು ನುಂಗುತ್ತಿದ್ದಾನೆ ಅಂತ ನನಗೆ ಬರೆದಿದ್ದೀರಿ, ಅದೇ ಪತ್ರದಲ್ಲಿ ಅಮ್ಮನ ಪಾಲನ್ನೂ ಅಕ್ಕಂದಿರ ಪಾಲನ್ನೂ ನೀವು ಅಣ್ಣನ ಜೊತೆ ಅರ್ಧರ್ಧ ಹಂಚಿಕೊಂಡಿದ್ದೀರಿ. ಬೇಕಂತ ಮಾಡಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಲೋಭ ಹೀಗೇ ಬರುವುದು, ನ್ಯಾಯದ ಬಟ್ಟೆ ಹಾಕಿಕೊಂಡು.

ಲೂಕ 12ರಲ್ಲಿ ನಿಮ್ಮ ಹಾಗೇ ಒಬ್ಬ ಬಂದು, ಬೋಧಕನೇ, ಆಸ್ತಿ ಪಾಲು ಮಾಡಿಕೊಡಲು ನಮ್ಮ ಅಣ್ಣನಿಗೆ ಹೇಳು ಅಂದ. ಯೇಸು ಯಾರ ಪರವೂ ತೀರ್ಪು ಹೇಳಲಿಲ್ಲ. ಎಲ್ಲಾ ಲೋಭಕ್ಕೂ ಎಚ್ಚರವಾಗಿರಿ ಅಂತ ಹೇಳಿ ಕಣಜ ದೊಡ್ಡದು ಮಾಡಿಸಲು ಹೊರಟ ಐಶ್ವರ್ಯವಂತನ ಕಥೆ ಹೇಳಿದ. ಆ ಕಥೆಯಲ್ಲಿ ಅವನು ಮಾತಾಡುವುದೆಲ್ಲ ತನ್ನ ಜೊತೆಗೇ. ಹೆಂಡತಿ ಇಲ್ಲ, ತಮ್ಮ ಇಲ್ಲ, ಹೊಲದಲ್ಲಿ ದುಡಿದ ಆಳೂ ಇಲ್ಲ.

ಮೊದಲು ಅಕ್ಕಂದಿರಿಗೆ ಫೋನ್ ಮಾಡಿ, ಅಮ್ಮನ ಹತ್ತಿರ ಕೂತು ಮಾತಾಡಿ. ಎಲ್ಲರ ಪಾಲಿನ ಲೆಕ್ಕ ಇಟ್ಟುಕೊಂಡು ಸಭೆಯ ಇಬ್ಬರು ಹಿರಿಯರ ಜೊತೆ ಅಣ್ಣನ ಹತ್ತಿರ ಹೋಗಿ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದು ನಾಚಿಕೆಗೇಡು ಅಂತ ಪೌಲ ಬರೆದಿದ್ದಾನೆ (1 ಕೊರಿಂಥ 6). ಅಮ್ಮ, ಅಕ್ಕಂದಿರ ಹಕ್ಕು ಉಳಿಸಲು ಬೇರೆ ದಾರಿಯೇ ಇಲ್ಲ ಅಂತಾದರೆ ವಕೀಲರನ್ನು ಕಾಣುವುದು ಪಾಪ ಅಂತ ನಾನಂತೂ ಹೇಳಲಾರೆ. ಇದಕ್ಕೆ ಒಪ್ಪದ ಬೋಧಕರೂ ಇದ್ದಾರೆ.

ಪ್ರಶ್ನೆ: ಟಿವಿಯಲ್ಲಿ ಒಬ್ಬ ಪ್ರಸಂಗಿ, ಬಿತ್ತನೆ ಕಾಣಿಕೆ ಹಾಕಿದರೆ ನೂರು ಪಟ್ಟು ವಾಪಸ್ ಬರುತ್ತದೆ ಅನ್ನುತ್ತಾರೆ. 5,000 ಸಾಲ ತಂದು ಹಾಕೋಣ ಅಂತಿದ್ದೇನೆ. ಮಗಳ ಕಾಲೇಜ್ ಫೀಸ್ ಬಾಕಿ ಇದೆ.
- ಒಬ್ಬ ತಾಯಿ, ಬಳ್ಳಾರಿ

ಉತ್ತರ: ಹಾಕಬೇಡಿ ಅಮ್ಮಾ. ನೂರು ಪಟ್ಟು ಅನ್ನುವ ಮಾತು ಮಾರ್ಕ 10ರಲ್ಲಿದೆ, ಆದರೆ ಅದೇ ವಾಕ್ಯದಲ್ಲಿ ಹಿಂಸೆಗಳ ಜೊತೆಗೆ ಅಂತಲೂ ಇದೆ. ಟಿವಿಯಲ್ಲಿ ಅದನ್ನು ಓದಿದರಾ? ಸಿರಿಯಾದ ಸೇನಾಪತಿ ನಾಮಾನನ ಕುಷ್ಠ ವಾಸಿಯಾದಾಗ ಪ್ರವಾದಿ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಅವನ ಆಳು ಗೇಹಜಿ ಹಿಂದೆ ಓಡಿಹೋಗಿ, ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ತಂದ. ದೇವರು ಬಿಟ್ಟಿಯಾಗಿ ಕೊಟ್ಟದ್ದಕ್ಕೆ ರೇಟ್ ಹಾಕಿದ. ನಾಮಾನನ ಕುಷ್ಠವೂ ಜೊತೆಗೇ ಬಂತು. ನಿಮ್ಮಂಥವರ ಕಷ್ಟದ ದುಡ್ಡು ಕೇಳುವವರಿಗೆ ನಾನು ಹೇಳಬೇಕಾದದ್ದು ಬೇಕಾದಷ್ಟಿದೆ, ಅವರು ಈ ಅಂಕಣ ಓದುವುದಿಲ್ಲ. ಸಾಲ ಮಾಡಬೇಡಿ. ಕಾಲೇಜಿಗೆ ಹೋಗಿ ಫೀಸನ್ನು ಕಂತಿನಲ್ಲಿ ಕಟ್ಟಲು ಬಿಡುತ್ತಾರಾ ಕೇಳಿ. ಇಲ್ಲವೆಂದರೆ ನಿಮ್ಮ ಸಭೆಯ ಪಾಸ್ಟರ್ ಹತ್ತಿರ ನಾಚಿಕೆ ಬಿಟ್ಟು ಸಹಾಯ ಕೇಳಿ, ಸಭೆಗೆ ಬರುವ ಕಾಣಿಕೆ ಇಂಥದ್ದಕ್ಕೂ ಇರುವುದು.