ಅಗ್ಗದ ಪ್ರೊಜೆಕ್ಟರ್ ಒಳ್ಳೆಯದಾ ಕೆಟ್ಟದ್ದಾ? ಮೊದಲು ಒಂದು ಕತ್ತಲೆ ಸೀನ್ ಹಾಕಿ ನೋಡಿ

ಹಾಲ್‌ನಲ್ಲಿ ಟಿವಿ ಬದಲು ಕಡಿಮೆ ಬೆಲೆಯ ಪ್ರೊಜೆಕ್ಟರ್ ಹಾಕಬೇಕು ಅಂತಿದ್ದೀರಿ. ಡಬ್ಬದ ಮೇಲೆ 9000 ಲ್ಯೂಮೆನ್ಸ್ (ಎಷ್ಟು ಬೆಳಕು ಬಿಡುತ್ತೆ ಅನ್ನೋ ಅಳತೆ), 4ಕೆ ಸಪೋರ್ಟ್, 200 ಇಂಚು ಅಂತ ಬರೆದಿದೆ. ಅದರ ಪ್ಲಸ್ ಮೈನಸ್ ಹೇಳಿ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಮೂರು ಮಾತು ನಂಬಿ ದುಡ್ಡು ಕಳೆದುಕೊಂಡವನು ನಾನು.

ನನ್ನದು ಬಂದ ದಿನ ಮನೆಯವರೆಲ್ಲ ಸೇರಿದ್ದೆವು. ಸ್ಟೂಲ್ ಮೇಲೆ ಇಟ್ಟು, ಕರ್ಟನ್ ಎಳೆದು, ಡೆಮೊ ವಿಡಿಯೊ ಹಾಕಿದೆ. ಗಿಳಿ, ಹೂವು, ಸಮುದ್ರದ ನೀರು, ಮೇಲಿಂದ ತೆಗೆದ ಊರಿನ ನೋಟ. ಗೋಡೆ ತುಂಬ ಬಣ್ಣ. ಮಕ್ಕಳು ಕಿರುಚಿದರು. ಮೊದಲಿನಿಂದ ಬೇಡ ಅಂತಿದ್ದ ಹೆಂಡತಿಯೂ "ಪರವಾಗಿಲ್ವೇ" ಅಂದಳು. ಆಮೇಲೆ ದಿನಾ ಕಾರ್ಟೂನ್, ಹಾಡು, ಮ್ಯಾಚು. ಎಲ್ಲವೂ ಚೆನ್ನಾಗಿಯೇ ಕಂಡವು. ವಾಪಸ್ ಕಳಿಸುವ ಗಡುವು ಮುಗಿದಿದ್ದೂ ಗೊತ್ತಾಗಲಿಲ್ಲ.

ಆಮೇಲೆ ಒಂದು ರಾತ್ರಿ ಪತ್ತೇದಾರಿ ಸಿನಿಮಾ ಹಾಕಿದೆವು. ಕಾಡು, ರಾತ್ರಿ, ಲಾಟೀನು ಹಿಡಿದ ಇಬ್ಬರು. ಗೋಡೆ ಮೇಲೆ ಕಂಡಿದ್ದು ಮಾತ್ರ ಬೂದಿ ಬಣ್ಣದ ಮಂಜು, ಅದರ ನಡುವೆ ಒಂದು ಹಳದಿ ಚುಕ್ಕೆ, ಕೆಳಗೆ ಸಬ್‌ಟೈಟಲ್. ಯಾರೋ ಕೂಗಿಕೊಂಡರು. "ಯಾರು ಸತ್ತಿದ್ದು?" ಅಂತ ಭಾವ ಕೇಳಿದರು. ನನಗೂ ಗೊತ್ತಿರಲಿಲ್ಲ.

ನಾನು ಮಾಡಿದ ತಪ್ಪು ಅಗ್ಗದ್ದು ತಂದಿದ್ದಲ್ಲ. ಬೆಳಕಿರುವ ಚಿತ್ರ ಹಾಕಿ ಪರೀಕ್ಷೆ ಮಾಡಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಡಬ್ಬದ ಮೇಲೆ ಇದರ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ.

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡೋಕೆ ಆಗಲ್ಲ. ಬೆಳಕು ಬಿಡಬಹುದು, ಅಥವಾ ಬಿಡದೆ ಇರಬಹುದು, ಅಷ್ಟೇ. ಈ ದರ್ಜೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಒಂದೇ ಎಲ್‌ಸಿಡಿ ಪ್ಯಾನೆಲ್, ಹಿಂದೆ ಒಂದು ಎಲ್‌ಇಡಿ. ಸೀನ್ ಹಗಲಿನದಾಗಲಿ ರಾತ್ರಿಯದಾಗಲಿ, ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಕಪ್ಪು ಬೇಕಾದ ಕಡೆ ಪ್ಯಾನೆಲ್ ಆ ಬೆಳಕನ್ನು ತಡೆಯಬೇಕು. ಪೂರ್ತಿ ತಡೆಯೋಕೆ ಅದಕ್ಕೆ ಆಗಲ್ಲ, ಸೋರುತ್ತದೆ. ಸೋರಿದ ಬೆಳಕು ಗೋಡೆ ಮೇಲೆ ಬೂದಿ ಬಣ್ಣವಾಗಿ ಕೂರುತ್ತದೆ. ಸಾಲದ್ದಕ್ಕೆ ಗೋಡೆಗೆ ಬಿದ್ದ ಬೆಳಕು ಬಿಳಿ ಸೀಲಿಂಗಿಗೆ, ಪಕ್ಕದ ಗೋಡೆಗಳಿಗೆ ಹೊಡೆದು ಮತ್ತೆ ಚಿತ್ರದ ಮೇಲೇ ಬೀಳುತ್ತದೆ.

ಗಿಳಿಯ ವಿಡಿಯೊದಲ್ಲಿ ಇದು ಕಾಣಲ್ಲ. ಕಣ್ಣು ಹೊಳೆಯುವ ರೆಕ್ಕೆಗೆ ಹೊಂದಿಕೊಂಡಿರುತ್ತದೆ, ಪಕ್ಕದ ಬೂದಿಯನ್ನು ಕಪ್ಪು ಅಂತಲೇ ಒಪ್ಪಿಕೊಂಡುಬಿಡುತ್ತದೆ. ಕತ್ತಲೆ ಸೀನ್‌ನಲ್ಲಿ ಹಾಗೆ ಮರೆಮಾಚೋಕೆ ಹೊಳೆಯುವಂಥದ್ದೇ ಏನೂ ಇಲ್ಲ. ಹುಡುಗನಿಗೆ ಗೊತ್ತಿರುವ ಲೆಕ್ಕವನ್ನಷ್ಟೇ ಕೇಳಿ ನೂರಕ್ಕೆ ನೂರು ಕೊಟ್ಟಂತಾಗಿತ್ತು ನನ್ನ ಪರೀಕ್ಷೆ.

ಸರಿ ಮಾಡೋಕೆ ಅಂತ ಬ್ರೈಟ್‌ನೆಸ್ ಏರಿಸಿದೆ. ಮಂಜು ಇನ್ನೂ ಬೆಳ್ಳಗಾಯಿತು. ಆ ಸೆಟ್ಟಿಂಗ್ ದೀಪದ ಬೆಳಕನ್ನು ಜಾಸ್ತಿ ಮಾಡಲ್ಲ, ಕಪ್ಪನ್ನು ಮೇಲಕ್ಕೆ ಎತ್ತುತ್ತದೆ. ನನಗೆ ಆಗ ಇದು ಗೊತ್ತಿರಲಿಲ್ಲ. ಕಾಂಟ್ರಾಸ್ಟ್ ಏರಿಸಿದರೆ ಮುಖಗಳೆಲ್ಲ ಸುಣ್ಣ ಬಳಿದಂತಾದವು. ಕೊನೆಗೆ ಸಿನಿಮಾದವರೇ ಸರಿಯಾಗಿ ಲೈಟಿಂಗ್ ಮಾಡಿಲ್ಲ ಅಂತ ವಾದ ಮಾಡಿದೆ. ಅದೇ ಸಿನಿಮಾ ಫೋನ್‌ನಲ್ಲಿ ಹಾಕಿ ತಂಗಿ ತೋರಿಸಿದಳು. ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಈಗ ನಿಮ್ಮ 9000ಕ್ಕೆ ಬರೋಣ. ಆ ಸಂಖ್ಯೆಯನ್ನು ಮರೆತುಬಿಡಿ. ಕೇಳಬೇಕಾದ್ದು ಆನ್ಸಿ ಲ್ಯೂಮೆನ್ಸ್ ಎಷ್ಟು ಅಂತ. ಸ್ಕ್ರೀನನ್ನು ಒಂಬತ್ತು ಭಾಗ ಮಾಡಿ, ಒಂದೊಂದರ ಮೇಲೂ ನಿಜವಾಗಿ ಬಿದ್ದ ಬೆಳಕನ್ನು ಅಳೆದು ತೆಗೆದ ಸರಾಸರಿಯಿಂದ ಬರುವ ಲೆಕ್ಕ ಅದು. ಬರೀ "ಲ್ಯೂಮೆನ್ಸ್" ಅಂತ ಸಾವಿರಗಳಲ್ಲಿ ಬರೆದ ಅಗ್ಗದ ಯಂತ್ರ ಈ ಲೆಕ್ಕದಲ್ಲಿ 200ರ ಆಸುಪಾಸಿಗೆ ಇಳಿದರೆ ಆಶ್ಚರ್ಯಪಡಬೇಡಿ.

200 ಅಂದ ತಕ್ಷಣ ಕೈಬಿಡಬೇಕು ಅಂತಲೂ ಇಲ್ಲ. ಸ್ಕ್ರೀನ್ ಎಷ್ಟು ಬೆಳಗಿ ಕಾಣುತ್ತೆ ಅನ್ನೋದನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಡಿಜಿಟಲ್ ಸಿನಿಮಾ ಥಿಯೇಟರ್‌ನ ಸ್ಕ್ರೀನ್‌ಗೆ ಇರುವ ಗುರಿಯೇ ಸುಮಾರು 48 ನಿಟ್ಸ್. ಒಳ್ಳೆಯ ಬಿಳಿ ಗೋಡೆ ಮೇಲೆ 200 ಆನ್ಸಿ ಲ್ಯೂಮೆನ್ಸನ್ನು 70 ಇಂಚಿಗೆ ಇಟ್ಟರೆ 47ರ ಹತ್ತಿರ ಬರುತ್ತದೆ. 100 ಇಂಚಿಗೆ ಹಿಗ್ಗಿಸಿದರೆ 23. ನಿಮ್ಮ ಡಬ್ಬ ಹೇಳುವ 200 ಇಂಚಿಗೆ ಹೋದರೆ 6 ಕೂಡ ಇಲ್ಲ. ಇಂಚು ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತೆ ಅಲ್ವಾ, ಅದೇ ಬೆಳಕು ಅಷ್ಟಕ್ಕೂ ಹಂಚಿಹೋಗುತ್ತದೆ. ಗೋಡೆ ದೊಡ್ಡದಿದೆ ಅಂತ ಚಿತ್ರ ದೊಡ್ಡದು ಮಾಡೋದು ಎಲ್ಲರೂ ಮಾಡುವ ಕೆಲಸ. ನಾನು ಯಂತ್ರವನ್ನು ಗೋಡೆ ಹತ್ತಿರ ತಂದು 70 ಇಂಚಿಗೆ ಇಳಿಸಿದೆ. ಕಪ್ಪು ಕಪ್ಪಾಗಲಿಲ್ಲ, ಆದರೆ ಲಾಟೀನು ಹಿಡಿದವರ ಮುಖ ಕಾಣಿಸಿತು. ಸತ್ತಿದ್ದು ಯಾರು ಅಂತಲೂ ಗೊತ್ತಾಯಿತು.

4ಕೆ ಸಪೋರ್ಟ್ ಅಂದರೆ 4ಕೆ ವಿಡಿಯೊ ಕೊಟ್ಟರೆ ಬೇಡ ಅನ್ನಲ್ಲ ಅಂತ ಮಾತ್ರ. ಗೋಡೆಗೆ ಬೀಳೋದು ಪ್ಯಾನೆಲ್‌ನಲ್ಲಿ ಎಷ್ಟು ಚುಕ್ಕೆ ಇವೆಯೋ ಅಷ್ಟೇ. ನೇಟಿವ್ ರೆಸಲ್ಯೂಷನ್ ಅಂತ ಹುಡುಕಿ. 1920×1080 ಇದ್ದರೆ ಮುಂದೆ ಓದಿ, 1280×720 ಇದ್ದರೆ ಸಿನಿಮಾಕ್ಕೆ ನಾನಂತೂ ತಗೊಳ್ಳಲ್ಲ. ಅದು ಸರಿ ಇದ್ದರೂ ಲೆನ್ಸ್ ಕೈಕೊಡಬಹುದು. ನಾಲ್ಕೂ ಮೂಲೆಯಲ್ಲಿ ಸಣ್ಣ ಅಕ್ಷರ ಇರುವ ಒಂದು ಪುಟ ಹಾಕಿ, ಮಧ್ಯಕ್ಕೆ ಫೋಕಸ್ ಮಾಡಿ, ಮೂಲೆ ಓದೋಕಾಗುತ್ತಾ ನೋಡಿ. ನನ್ನದರಲ್ಲಿ ಮಧ್ಯದ ಅಕ್ಷರ ಚೂಪಾಗಿತ್ತು, ಬಲಗಡೆ ಕೆಳಗಿನದು ನೀರಲ್ಲಿ ಅದ್ದಿ ತೆಗೆದಂತಿತ್ತು.

ಇನ್ನೊಂದು, ಮೂಲೆಯ ಕಪಾಟಿನ ಮೇಲಿಟ್ಟು, ಓರೆಯಾದ ಚಿತ್ರವನ್ನು ಕೀಸ್ಟೋನ್ ಅನ್ನೋ ಸೆಟ್ಟಿಂಗ್‌ನಲ್ಲಿ ಚೌಕ ಮಾಡಿಕೊಳ್ಳೋಣ ಅನ್ನೋ ಯೋಚನೆ ಇದ್ದರೆ ಬಿಡಿ. ಡಿಜಿಟಲ್ ಕೀಸ್ಟೋನ್ ಚಿತ್ರವನ್ನು ಪ್ಯಾನೆಲ್ ಒಳಗೇ ಕುಗ್ಗಿಸಿ ಕೂರಿಸುತ್ತದೆ. ಚುಕ್ಕೆಯೂ ಹೋಯಿತು, ಬೆಳಕೂ ಹೋಯಿತು. ಬಿಟ್ಟ ಜಾಗ ಚಿತ್ರದ ಸುತ್ತ ಬೂದಿ ಬಣ್ಣದ ಅಂಚಾಗಿ ಕಾಣುತ್ತಾ ಇರುತ್ತದೆ. ಯಂತ್ರ ಗೋಡೆಗೆ ನೇರವಾಗಿ ಕೂರಬೇಕು. ಎಷ್ಟು ದೂರ ಅನ್ನೋದನ್ನು ಥ್ರೋ ರೇಶಿಯೊ ಹೇಳುತ್ತದೆ. ಅದು 1.2 ಆಗಿದ್ದರೆ ಚಿತ್ರದ ಅಗಲದ 1.2 ಪಟ್ಟು ದೂರ. ಇಂಚಿನ ಲೆಕ್ಕ ಮೂಲೆಯಿಂದ ಎದುರು ಮೂಲೆಗೆ, ಹಾಗಾಗಿ 70 ಇಂಚಿನ ಚಿತ್ರದ ಅಗಲ ಸುಮಾರು 1.55 ಮೀಟರ್, ಅಂದರೆ ದೂರ ಸುಮಾರು 1.86 ಮೀಟರ್ ಆಯಿತು. ಅಷ್ಟು ಹತ್ತಿರ ಅಂದರೆ ಯಂತ್ರ ನಿಮ್ಮ ಕಿವಿ ಪಕ್ಕದಲ್ಲೋ ಕಾಲ ಹತ್ತಿರವೋ ಇರುತ್ತೆ, ಫ್ಯಾನ್ ಸದ್ದು ಸಿನಿಮಾ ಪೂರ್ತಿ ಜೊತೆಗಿರುತ್ತದೆ. ಕೊಳ್ಳೋ ಮೊದಲು ಅದನ್ನು ಕೇಳಿಸಿಕೊಳ್ಳಿ.

ಒಳಗಿನ ಆಪ್‌ಗಳ ಮೇಲೂ ಭರವಸೆ ಇಡಬೇಡಿ. ಸರಿಯಾದ ಅನುಮತಿ ಇಲ್ಲದ ಯಂತ್ರಗಳಿಗೆ ಕೆಲವು ಒಟಿಟಿಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕೊಡುತ್ತವೆ. ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿಕೊಳ್ಳೋದು ವಾಸಿ. ಒಳಗಿನ ಸ್ಪೀಕರ್ ಬಗ್ಗೆ ಮಾತಾಡೋದೇ ಬೇಡ. ಆಪ್ಟಿಕಲ್ ಭಾಗ, ಅಂದರೆ ಪ್ಯಾನೆಲ್ ಮತ್ತು ಲೆನ್ಸ್ ಇರುವ ಜಾಗ, ಸೀಲ್ ಆಗಿದೆಯಾ ಅಂತ ಮಾತ್ರ ವಿಚಾರಿಸಿ. ಇಲ್ಲದಿದ್ದರೆ ಒಳಗೆ ಧೂಳು ಕೂತು ಚಿತ್ರದಲ್ಲಿ ಕಲೆಯಾಗಿ ಕಾಣುತ್ತದೆ, ಹೊರಗೆ ಎಷ್ಟು ಒರೆಸಿದರೂ ಹೋಗಲ್ಲ.

ನೀವು ಕೇಳಿದ ಪ್ಲಸ್ ಮೈನಸ್ ಪಟ್ಟಿ ನಾನು ಕೊಡಲ್ಲ. ಒಂದೇ ಯಂತ್ರ ಒಂದು ರೂಮಲ್ಲಿ ಚೆನ್ನ, ಇನ್ನೊಂದರಲ್ಲಿ ದಂಡ. ಕಿಟಕಿ ಇರುವ ಹಾಲ್‌ನಲ್ಲಿ ಹಗಲು ಹೊತ್ತು ಟಿವಿ ಬದಲು ಬೇಕು ಅಂದರೆ ನನ್ನ ಉತ್ತರ ಬೇಡ ಅಂತಲೇ. ಟಿವಿಯನ್ನೇ ತಗೊಳ್ಳಿ. ರಾತ್ರಿ ಮಾತ್ರ, ಕತ್ತಲಾಗುವ ಒಂದು ರೂಮಲ್ಲಿ, 70-80 ಇಂಚಿಗೆ ತೃಪ್ತಿಪಡುತ್ತೀರಿ ಅಂದರೆ ಖುಷಿಯಾಗಿ ತಗೊಳ್ಳಿ. ನನ್ನದು ಈಗ ಮಕ್ಕಳ ರೂಮಲ್ಲಿದೆ. ಮಲಗಿಕೊಂಡು ಸೀಲಿಂಗ್ ಮೇಲೆ ಕಾರ್ಟೂನ್ ನೋಡುತ್ತಾರೆ, ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಸಿನಿಮಾಕ್ಕೆ ಅಂತ ಸೆಕೆಂಡ್ ಹ್ಯಾಂಡ್ ಡಿಎಲ್‌ಪಿ (ಎಲ್‌ಸಿಡಿ ಬದಲು ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಪ್ರೊಜೆಕ್ಟರ್) ಒಂದನ್ನು ತಂದೆ. ಮೀಟಿಂಗ್ ರೂಮಿನದಲ್ಲ, ಮನೆ ಸಿನಿಮಾಕ್ಕೇ ಮಾಡಿದ 1080 ಮಾಡೆಲ್. ಒಂದು ದಿನ ಬಲ್ಬ್ ಬದಲಿಸಬೇಕಾಗುತ್ತದೆ. ಕಣ್ಣು ಆಚೀಚೆ ಹೊರಳಿಸಿದಾಗ ಸಬ್‌ಟೈಟಲ್ ಸುತ್ತ ಬಣ್ಣದ ಮಿಂಚು ಕಾಣುತ್ತೆ ಅಂತ ಹೆಂಡತಿ ಹೇಳುತ್ತಾಳೆ. ನನಗೆ ಕಾಣಲ್ಲ, ಅದು ಕಣ್ಣಿಂದ ಕಣ್ಣಿಗೆ ಬೇರೆ. ಆದರೆ ಡಬ್ಬದ ಮೇಲೆ ಸಾವಿರಗಟ್ಟಲೆ ಬರೆದ ಹೊಸದಕ್ಕಿಂತ ಇಂಥ ಹಳೆಯದು ಎಷ್ಟೋ ಮೇಲು ಅನ್ನೋದು ನನ್ನ ಅಭಿಪ್ರಾಯ.

ಸ್ಕ್ರೀನ್ ಬೇಕಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಸದ್ಯಕ್ಕೆ ಬೇಡ. ಹೊಳಪಿಲ್ಲದ ಬಿಳಿ ಬಣ್ಣದ ನುಣುಪು ಗೋಡೆ ಸಾಕು. ಆ ದುಡ್ಡನ್ನು ದಪ್ಪನೆಯ ಕರ್ಟನ್‌ಗೆ ಹಾಕಿ.